ಪಾಂಪ್ಲೆಟ್ ಮೇಲಿನ ಮೆನು ಕ್ಯೂಆರ್ ಕೋಡ್ ಎರಡೇ ವಾರಕ್ಕೆ ನಿಂತುಹೋಗಿದ್ದಕ್ಕೆ

ಬಹುಶಃ ನೀವು ಹಾಕಿಸಿದ್ದು ಡೈನಾಮಿಕ್ ಕೋಡ್, ಅದರ ಉಚಿತ ಟ್ರಯಲ್ ಮುಗಿದಿದೆ. ಇಂಥ ಕೋಡ್‌ನೊಳಗೆ ನಿಮ್ಮ ಮೆನು ಪುಟದ ವಿಳಾಸ ಇರುವುದಿಲ್ಲ. ಕೋಡ್ ಮಾಡಿಕೊಟ್ಟ ಕಂಪನಿಯ ಪುಟ್ಟ ಲಿಂಕ್ ಇರುತ್ತದೆ, ಅಷ್ಟೇ. ಅವರು ಅದನ್ನು ನಿಲ್ಲಿಸಿದರೆ ಅಚ್ಚಾದದ್ದೆಲ್ಲ ದಂಡ.

ಮೊದಲು ಸ್ಕ್ಯಾನ್ ಮಾಡಿ, ಲಿಂಕ್ ತೆರೆಯುವ ಮುಂಚೆ ಕಾಣುವ ವಿಳಾಸ ನೋಡಿ. ಅದು ನಿಮ್ಮ ಸೈಟ್‌ನದಲ್ಲ, ಕೋಡ್ ಕಂಪನಿಯದು ಅಂದರೆ ಬಹುಶಃ ಇದೇ ಕಾರಣ. ಆಮೇಲೆ ಕೋಡ್ ಮಾಡಿದ ಅದೇ ಖಾತೆಗೆ ಲಾಗಿನ್ ಆಗಿ. ಕೋಡ್ ಅಲ್ಲಿ ಇನ್ನೂ ಇದ್ದರೆ, ಹಣ ಕಟ್ಟಿದ ಮೇಲೆ ಸಾಮಾನ್ಯವಾಗಿ ಮತ್ತೆ ಶುರುವಾಗುತ್ತದೆ. ತಿಂಗಳ ಪ್ಲಾನ್ ಸಾಕಾ, ವರ್ಷದ್ದೇ ಕಟ್ಟಬೇಕಾ ಅಂತ ಮೊದಲು ನೋಡಿಕೊಳ್ಳಿ. ಪಾಂಪ್ಲೆಟ್ ಜಾಸ್ತಿ ಉಳಿದಿಲ್ಲ ಅಂದರೆ ಸುಮ್ನೆ ದುಡ್ಡು ಕಟ್ಟಬೇಡಿ, ಹೊಸ ಕೋಡ್‌ನ ಸ್ಟಿಕ್ಕರ್ ಅಂಟಿಸಿ.

ಆ ಹೊಸ ಕೋಡ್ ಸ್ಟ್ಯಾಟಿಕ್ (ಕೊಟ್ಟ ವಿಳಾಸ ನೇರವಾಗಿ ಕೋಡ್‌ನೊಳಗೇ ಇರುವಂಥದ್ದು) ಆಗಿರಲಿ, ನಿಮ್ಮದೇ ಡೊಮೈನ್‌ನ, ಅಂದರೆ ನಿಮ್ಮ ಸೈಟ್ ಹೆಸರಿನ, ಒಂದು ಚಿಕ್ಕ ವಿಳಾಸ ಅದರಲ್ಲಿರಲಿ. ಅಲ್ಲಿಂದ ಮೆನು ಪುಟಕ್ಕೆ ರೀಡೈರೆಕ್ಟ್ ಕೊಡಿ, ಅಂದರೆ ಆ ವಿಳಾಸ ತೆರೆದವರು ತಾನಾಗಿಯೇ ಮೆನು ಪುಟಕ್ಕೆ ಹೋಗುವಂತೆ ಮಾಡಿ. ಮೆನು ಬದಲಾದಾಗ ರೀಡೈರೆಕ್ಟ್ ಬದಲಿಸಿದರಾಯಿತು.