ಅಪ್‌ಡೇಟ್ ನಿಲ್ಲಿಸಬೇಡಿ, ಆರ್ಚ್‌ಗೂ ಹೋಗಬೇಡಿ. ಆ ಎಂಟು ಪಿಪಿಎ ತೆಗೆಯಿರಿ

ಉಬುಂಟು 22.04 ಲಿನಕ್ಸಿನಲ್ಲಿ ಅಪ್‌ಡೇಟ್ ಕೊಟ್ಟಾಗಲೆಲ್ಲ ಒಂದೊಂದು ಕೈಕೊಡ್ತದೆ, ಅಪ್‌ಡೇಟನ್ನೇ ಬಂದ್ ಮಾಡ್ಲಾ ಇಲ್ಲ ಆರ್ಚ್ ಎಂಬ ಇನ್ನೊಂದು ಲಿನಕ್ಸಿಗೆ ಹೋಗ್ಲಾ ಅಂತ ಕೇಳಿದ್ದೀರಿ. ನಡುವೆ, ಅದು ದೊಡ್ಡ ಸಂಗತಿಯೇ ಅಲ್ಲವೆಂಬಂತೆ, ಎಂಟು ಪಿಪಿಎ (ಉಬುಂಟುವಿನದ್ದಲ್ಲದ, ಬೇರೆಯವರು ನಡೆಸುವ ಸಾಫ್ಟ್‌ವೇರ್ ಮೂಲ) ಸೇರಿಸಿದ್ದೇನೆ ಅಂತ ಬರೆದಿದ್ದೀರಿ. ಆ ಸಾಲು ಓದಿದ ಕೂಡಲೇ ನನಗೆ 2021ರ ನವೆಂಬರ್ ನೆನಪಾಯಿತು.

ಉಡುಪಿಯ ಕಲ್ಸಂಕದ ಹತ್ತಿರ ನನ್ನ ಮಾವನದ್ದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಹರಕೆಯ ಯಕ್ಷಗಾನ ಆಟದ ಕರಪತ್ರ, ಇಂಥವೇ ಕೆಲಸ. ಕೊರೊನಾ ಕಾಲದಲ್ಲಿ ನೊಣ ಹೊಡೆದು ಕೂತಿದ್ದ ಅಂಗಡಿಗೆ ಆ ವರ್ಷ ದೀಪಾವಳಿ ಕಳೆದ ಮೇಲೆ, ಮೇಳಗಳು ತಿರುಗಾಟಕ್ಕೆ ಹೊರಡುವ ಹೊತ್ತಿಗೆ, ಮತ್ತೆ ಜನ ಬರತೊಡಗಿದ್ದರು. ಅಲ್ಲಿದ್ದ ಒಂದೇ ಒಳ್ಳೆಯ ಕಂಪ್ಯೂಟರಿಗೆ ಡೆಬಿಯನ್ ಎಂಬ ಲಿನಕ್ಸಿನ 10ನೇ ಆವೃತ್ತಿ, ಅಂದರೆ ಬಸ್ಟರ್, ಹಾಕಿಕೊಟ್ಟವನು ನಾನೇ. ಎರಡು ವರ್ಷ ಅದು ಒಂದು ದಿನ ತಕರಾರು ಮಾಡಿದ್ದಿಲ್ಲ. ಅದೇ ನನಗೆ ಕೊಬ್ಬು ಬರಿಸಿದ್ದಿರಬೇಕು.

ಒಂದು ಸಂಜೆ ಹಳೇ ಗಿರಾಕಿಯೊಬ್ಬರು ಪೆನ್‌ಡ್ರೈವ್ ತಂದರು. ಶನಿವಾರ ಅವರ ಮನೆಯಲ್ಲಿ ಹರಕೆ ಆಟ. ಕರಪತ್ರವನ್ನು ಬೆಂಗಳೂರಿನಲ್ಲಿರುವ ಮಗ ಇಂಕ್‌ಸ್ಕೇಪ್ 1.1ರಲ್ಲಿ ಚಂದ ಮಾಡಿ ಕಳಿಸಿದ್ದ. ನಮ್ಮಲ್ಲಿದ್ದದ್ದು 0.92. ತೆರೆದರೆ ಸಾಲುಗಳ ಅಂತರವೆಲ್ಲ ತಪ್ಪಿ ಭಾಗವತರ ಹೆಸರು ಚೆಂಡೆಯವರ ಹೆಸರಿನ ಮೇಲೆ ಕೂತಿತ್ತು.

"ಹೊಸ ಇಂಕ್‌ಸ್ಕೇಪ್ ಹಾಕಿದ್ರೆ ಆಯ್ತು ಮಾವ, ಹತ್ತು ನಿಮಿಷ" ಅಂದೆ.

ಸಾಫ್ಟ್‌ವೇರ್ ಎಲ್ಲಿಂದ ತರಬೇಕು ಅಂತ ಹೇಳುವ ಸೋರ್ಸಸ್ ಡಾಟ್ ಲಿಸ್ಟ್ ಫೈಲಿನ ಕೊನೆಗೆ 'ಟೆಸ್ಟಿಂಗ್' ಅಂತ ಒಂದು ಸಾಲು ಸೇರಿಸಿದೆ. ಪ್ಯಾಕೇಜ್ ತಂದು ಹಾಕುವ ಆಪ್ಟ್ ಎಂಬ ಸಾಧನಕ್ಕೆ ಎರಡು ಆಜ್ಞೆ ಕೊಟ್ಟೆ: ಆಪ್ಟ್ ಅಪ್‌ಡೇಟ್, ಆಮೇಲೆ ಆಪ್ಟ್ ಇನ್‌ಸ್ಟಾಲ್ ಇಂಕ್‌ಸ್ಕೇಪ್. ಒಂದು ಚಿತ್ರ ಬಿಡಿಸುವ ಸಾಫ್ಟ್‌ವೇರ್ ಕೇಳಿದ್ದಕ್ಕೆ ಪರದೆ ತುಂಬ ಪ್ಯಾಕೇಜುಗಳ ಪಟ್ಟಿ ಬಂತು. ನಾನು ಓದಲಿಲ್ಲ. 'ವೈ' ಒತ್ತಿ ಚಾ ಕುಡಿಯಲಿಕ್ಕೆ ಹೋದೆ.

ಈ ಒಂದು ಸಾಲು ಮಾಡಿದ್ದೇನು ಅಂತ ಸ್ವಲ್ಪ ಉದ್ದಕ್ಕೇ ಹೇಳ್ತೇನೆ, ಯಾಕೆಂದರೆ ನಿಮ್ಮ ಪಿಪಿಎಗಳು ಮಾಡುತ್ತಿರುವುದೂ ಅದನ್ನೇ. ಪಟ್ಟಿಯಲ್ಲಿರುವ ಮೂಲಗಳಲ್ಲಿ 'ಇದು ಮನೆಯವರು, ಅದು ನೆಂಟರು' ಎಂಬ ಭೇದ ಆಪ್ಟ್‌ಗೆ ಇಲ್ಲ. ನೀವು ಬೇರೆ ಹೇಳದಿದ್ದರೆ ಸಾಮಾನ್ಯವಾಗಿ ಎಲ್ಲಕ್ಕೂ ಆದ್ಯತೆ 500. ಸಮಾನರಲ್ಲಿ ಯಾರ ಆವೃತ್ತಿ ಸಂಖ್ಯೆ ದೊಡ್ಡದೋ ಅವರು ಗೆದ್ದರು. ಟೆಸ್ಟಿಂಗ್‌ನಲ್ಲಿರುವುದು ಹೆಚ್ಚುಕಮ್ಮಿ ಎಲ್ಲವೂ ಬಸ್ಟರ್‌ಗಿಂತ ಹೊಸತು. ಇನ್ನೊಂದು: 'ಟೆಸ್ಟಿಂಗ್' ಎಂಬುದು ಒಂದು ಆವೃತ್ತಿಯ ಹೆಸರೇ ಅಲ್ಲ, ಜರಗುವ ಬೋರ್ಡು. 2021ರ ಆಗಸ್ಟ್ 14ರ ತನಕ ಅದರ ಅರ್ಥ ಬುಲ್ಸ್‌ಐ, ಅಂದರೆ ಡೆಬಿಯನ್ 11. ಅಂದು ಬುಲ್ಸ್‌ಐ ಸ್ಟೇಬಲ್ ಆಯಿತು, ಬೋರ್ಡು ಅದರ ಮುಂದಿನ ಬುಕ್‌ವರ್ಮ್‌ನ ಮೇಲೆ ಹೋಗಿ ಕೂತಿತು. ನಾನು ಹಳೇ ಲೇಖನವೊಂದನ್ನು ನೋಡಿ ನಕಲು ಹೊಡೆದವ. ಒಂದಲ್ಲ, ಎರಡು ಆವೃತ್ತಿ ಆಚೆಯ ಪ್ಯಾಕೇಜುಗಳನ್ನು ಮನೆಯೊಳಗೆ ಕರೆದಿದ್ದೆ.

ಹೊಸ ಇಂಕ್‌ಸ್ಕೇಪಿಗೆ ಹೊಸ ಲಿಬ್‌ಸಿ6 ಬೇಕು. ಇದು ಸಿಸ್ಟಮ್ಮಿನ ಅಡಿಪಾಯ. ಹೆಚ್ಚುಕಡಿಮೆ ಪ್ರತಿ ಪ್ರೋಗ್ರಾಮೂ ಇದರ ಮೇಲೆ ನಿಂತಿದೆ. ಬಸ್ಟರ್‌ನಲ್ಲಿ ಲಿಬ್‌ಕ್ರಿಪ್ಟ್ ಎಂಬ ಫೈಲು ಲಿಬ್‌ಸಿ6 ಪ್ಯಾಕೇಜಿನ ಒಳಗೇ ಇತ್ತು. ಮುಂದೆ ಅದನ್ನು ಬೇರೆ ಪ್ಯಾಕೇಜ್ ಮಾಡಿದರು. ಹೊಸ ಲಿಬ್‌ಸಿ6 ಬಂದು ಹಳೇ ಫೈಲನ್ನು ಎತ್ತಿತು, ಲಿಬ್‌ಕ್ರಿಪ್ಟ್‌ನ ಹೊಸ ಪ್ಯಾಕೇಜ್ ಇನ್ನೂ ಬಿಚ್ಚಿರಲಿಲ್ಲ. ಆ ಸಂದಿನಲ್ಲಿ ಪರ್ಲ್ ಭಾಷೆಯನ್ನು ಓಡಿಸುವ ಪ್ರೋಗ್ರಾಮು ಸತ್ತಿತು. ಪ್ಯಾಕೇಜ್ ಹಾಕುವ ಕೆಲಸದಲ್ಲಿ ಪರ್ಲ್‌ನ ಪಾತ್ರ ದೊಡ್ಡದು, ಹಾಗಾಗಿ ಇನ್‌ಸ್ಟಾಲ್ ಅರ್ಧಕ್ಕೆ ನಿಂತಿತು. ಪಾಸ್‌ವರ್ಡ್ ತಾಳೆ ನೋಡಲಿಕ್ಕೂ ಅದೇ ಫೈಲು ಬೇಕು. ಚಾ ಮುಗಿಸಿ ಬಂದು ಕೆಂಪು ಅಕ್ಷರ ನೋಡಿದವನು, ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ತೆರೆದಿದ್ದ ಆ ಒಂದೇ ಟರ್ಮಿನಲ್ ಮುಚ್ಚಿ, 'ಒಮ್ಮೆ ರೀಸ್ಟಾರ್ಟ್ ಮಾಡುವ' ಅಂದೆ. ಮುಗಿಯಿತು. ಕಂಪ್ಯೂಟರ್ ಎದ್ದಿತು, ಲಾಗಿನ್ ಪರದೆ ಬಂತು, ಯಾರ ಪಾಸ್‌ವರ್ಡೂ ನಡೆಯಲಿಲ್ಲ.

"ಎಂತ ಮಾರಾಯಾ, ಹತ್ತು ನಿಮಿಷ ಅಂದಿದ್ದಿ?" ಅಂತ ಮಾವ ಕೇಳಿದ್ದು ರಾತ್ರಿ ಹತ್ತೂವರೆಗೆ.

ಆ ಟರ್ಮಿನಲ್ ಮುಚ್ಚದೆ ಇದ್ದಿದ್ದರೆ ಲಿಬ್‌ಕ್ರಿಪ್ಟ್ ಪ್ಯಾಕೇಜನ್ನು ಇಳಿಸಿ, ಡಿಪಿಕೆಜಿ-ಡೆಬ್‌ನಿಂದ ಬಿಚ್ಚಿ, ಫೈಲನ್ನು ಕೈಯಿಂದಲೇ ಅದರ ಜಾಗಕ್ಕೆ ಹಾಕಿದ್ದರೆ ಸಾಕಿತ್ತು. ಇದು ನನಗೆ ಗೊತ್ತಾದದ್ದು ಮೂರು ದಿನ ಬಿಟ್ಟು. ಆ ರಾತ್ರಿ ಗೊತ್ತಿದ್ದದ್ದು ಒಂದೇ ದಾರಿ: ಲೈವ್ ಯುಎಸ್‌ಬಿಯಲ್ಲಿ ಎಬ್ಬಿಸಿ ಫೈಲುಗಳನ್ನೆಲ್ಲ ಹೊರಗೆ ತೆಗೆದು, ಬುಲ್ಸ್‌ಐಯನ್ನು ಹೊಸದಾಗಿ ಹಾಕುವುದು. ಫಾಂಟು, ಪ್ರಿಂಟರು, ಬಿಲ್ಲಿನ ಫೈಲು ಎಲ್ಲ ಸರಿಮಾಡುವಾಗ ಮಾರನೇ ದಿನ ಮಧ್ಯಾಹ್ನ. ತಮಾಷೆ ನೋಡಿ, ಬುಲ್ಸ್‌ಐಯಲ್ಲಿ ಇಂಕ್‌ಸ್ಕೇಪ್ 1.0.2 ಇತ್ತು, ಆ ಕರಪತ್ರ ಅದರಲ್ಲಿ ನೇರ ತೆರೆಯಿತು. ಆದರೆ ಗಿರಾಕಿ ಬೆಳಿಗ್ಗೆಯೇ ಪೆನ್‌ಡ್ರೈವ್ ತೆಗೆದುಕೊಂಡು ಬೇರೆ ಕಡೆ ಹೋಗಿದ್ದರು. ಜಗಳ ಮಾಡಲಿಲ್ಲ, ಬೊಬ್ಬೆ ಹೊಡೆಯಲಿಲ್ಲ. ಈಗಲೂ ಅಲ್ಲಿಗೇ ಹೋಗ್ತಾರೆ, ಅಷ್ಟೇ.

ಈಗ ನಿಮ್ಮ ಪ್ರಶ್ನೆ. ನಿಮ್ಮ ಸಿಸ್ಟಮ್ ಹಾಳುಮಾಡುತ್ತಿರುವುದು ಅಪ್‌ಡೇಟ್ ಅಂತ ನಾನು ಒಪ್ಪುವುದಿಲ್ಲ. ಉಬುಂಟುವಿನ ದೀರ್ಘಕಾಲ ಬೆಂಬಲವಿರುವ ಎಲ್‌ಟಿಎಸ್ ಆವೃತ್ತಿಯಲ್ಲಿ (ನಿಮ್ಮ 22.04 ಅಂಥದ್ದೇ) ಅಥವಾ ಡೆಬಿಯನ್ ಸ್ಟೇಬಲ್‌ನಲ್ಲಿ ಭದ್ರತಾ ದೋಷ ಸಿಕ್ಕಿದರೆ, ಸಾಮಾನ್ಯವಾಗಿ ಹೊಸ ಆವೃತ್ತಿ ತಂದು ಸುರಿಯುವುದಿಲ್ಲ. ಇದ್ದ ಆವೃತ್ತಿಗೇ ಆ ಒಂದು ತೇಪೆ ಹಾಕಿ ಕೊಡ್ತಾರೆ. ಬ್ರೌಸರ್ ಅಂಥ ಕೆಲವು ಬಿಟ್ಟರೆ ಉಳಿದದ್ದು ಕದಲುವುದಿಲ್ಲ. ಇದನ್ನು ಬಂದ್ ಮಾಡುವುದೆಂದರೆ ಮಳೆಗಾಲದಲ್ಲಿ ಹಂಚು ಸರಿಮಾಡುವವನನ್ನು ಬರಬೇಡ ಅಂದ ಹಾಗೆ. ಭದ್ರತಾ ಅಪ್‌ಡೇಟನ್ನು ತಾನಾಗಿ ಹಾಕುವ ಅನಟೆಂಡೆಡ್-ಅಪ್‌ಗ್ರೇಡ್ಸ್ ತನ್ನ ಪಾಡಿಗೆ ಓಡಲಿ.

ಆರ್ಚ್ ಒಳ್ಳೆಯದೇ, ನಿಮಗಲ್ಲ. ಒಂದೇ ಪ್ಯಾಕೇಜನ್ನು ಮಾತ್ರ ಹೊಸದು ಮಾಡಿ ಉಳಿದದ್ದನ್ನು ಹಾಗೇ ಬಿಡುವ ಅರೆಬರೆ ಅಪ್‌ಗ್ರೇಡನ್ನು ಅದು ಬೆಂಬಲಿಸುವುದೇ ಇಲ್ಲ. ಎಂಟು ಪಿಪಿಎ ಹಾಕುವ ಕೈ ಅಲ್ಲಿ ಎಂತ ಮಾಡೀತು ಅಂತ ನನಗೆ ಗೊತ್ತುಂಟು, ಅಂಥ ಕೈ ನನ್ನದೂ ಹೌದು.

ಪಿಪಿಎ ಬರೇ ಪಟ್ಟಿಯಿಂದ ಅಳಿಸಿದರೆ ಅದು ಹಾಕಿದ ಪ್ಯಾಕೇಜು ಹಾಗೇ ಉಳೀತದೆ; ಪಿಪಿಎ-ಪರ್ಜ್ ಉಪಯೋಗಿಸಿ, ಅದು ಉಬುಂಟುವಿನ ಆವೃತ್ತಿಗೆ ಹಿಂದೆ ತರ್ತದೆ. ಒಮ್ಮೆಗೆ ಒಂದೇ. ಹೊಸ ಸಾಫ್ಟ್‌ವೇರ್ ಬೇಕೇಬೇಕಾದರೆ, ಬೇಕಾದದ್ದನ್ನು ಹೆಚ್ಚಾಗಿ ತಾವೇ ಹೊತ್ತು ತರುವ ಫ್ಲಾಟ್‌ಪ್ಯಾಕ್ ಅಥವಾ ಆಪ್‌ಇಮೇಜ್ ಸಾಕು, ಬುಡದ ಲಿಬ್‌ಸಿ6 ಅನ್ನು ಅವು ಮುಟ್ಟುವುದಿಲ್ಲ. ಇಂಕ್‌ಸ್ಕೇಪಿನ ಆಪ್‌ಇಮೇಜ್ ಆಗಲೂ ಅದರ ತಾಣದಲ್ಲೇ ಇತ್ತು, ನಿಜಕ್ಕೂ ಹತ್ತು ನಿಮಿಷದ ಕೆಲಸ. ಡೆಬಿಯನ್ ಆದರೆ ಬ್ಯಾಕ್‌ಪೋರ್ಟ್ಸ್, ಅಂದರೆ ಸ್ಟೇಬಲ್‌ಗೆಂದೇ ಮತ್ತೆ ಕಟ್ಟಿಕೊಟ್ಟ ಹೊಸ ಆವೃತ್ತಿಗಳ ಮೂಲ. ಅದಕ್ಕೆ ಆದ್ಯತೆ 100 ಇಟ್ಟಿರುತ್ತಾರೆ, ಕರೆಯದೆ ಒಳಗೆ ಬರುವುದಿಲ್ಲ.

ಆಪ್ಟ್‌ಗೆ ಮೈನಸ್ ಎಸ್ ಕೊಟ್ಟರೆ ಏನೂ ಹಾಕದೆ, ಏನೇನು ಮಾಡ್ತೇನೆ ಅಂತ ಮಾತ್ರ ತೋರಿಸ್ತದೆ. ಅದರಲ್ಲಿ 'ರಿಮೂವ್ಡ್' ತಲೆಬರಹದ ಕೆಳಗಿರುವ ಹೆಸರುಗಳನ್ನು ಓದಿ. ಗುರುತಿಲ್ಲದ ಒಂದು ಹೆಸರಿದ್ದರೂ ಮುಂದುವರಿಯಬೇಡಿ. ಟೈಮ್‌ಶಿಫ್ಟ್‌ನಲ್ಲಿ ಸ್ನ್ಯಾಪ್‌ಶಾಟ್, ಅಂದರೆ ಸಿಸ್ಟಮ್ಮಿನ ಈಗಿನ ಸ್ಥಿತಿಯ ಪ್ರತಿ, ತೆಗೆದಿಡಿ, ಆದರೆ ಅದು ಸಾಮಾನ್ಯವಾಗಿ ಹೋಮ್ ಫೋಲ್ಡರನ್ನು ಸೇರಿಸುವುದಿಲ್ಲ, ಅದಕ್ಕೆ ಬೇರೆ ಬ್ಯಾಕಪ್. ನಮ್ಮ ಕಡೆಯವರಾದರೆ ಜೂನ್-ಜುಲೈಯಲ್ಲಿ ಯುಪಿಎಸ್ ಇಲ್ಲದೆ ಅಪ್‌ಗ್ರೇಡ್‌ಗೆ ಕೈ ಹಾಕಲೇಬೇಡಿ. ಅರ್ಧದಲ್ಲಿ ಕರೆಂಟು ಹೋದರೆ 'ಡಿಪಿಕೆಜಿ ಮೈನಸ್ ಮೈನಸ್ ಕಾನ್ಫಿಗರ್ ಮೈನಸ್ ಎ' ಎಂಬ ಆಜ್ಞೆ ಹೆಚ್ಚಿನ ಸಲ ಎಬ್ಬಿಸ್ತದೆ.

ಈ ಸಲ ಏನು ಕೆಟ್ಟಿತು ಅಂತ ನೀವು ಬರೆದಿಲ್ಲ. ವಾರ್ ಲಾಗ್ ಆಪ್ಟ್ ಫೋಲ್ಡರಿನಲ್ಲಿ ಹಿಸ್ಟರಿ ಡಾಟ್ ಲಾಗ್ ಅಂತ ಉಂಟು, ಅದರ ಕೊನೆಯ ಭಾಗವನ್ನೂ ಆ ಎಂಟು ಪಿಪಿಎಗಳ ಹೆಸರನ್ನೂ ಇಲ್ಲಿ ಹಾಕಿ ಮಾರಾಯ್ರೆ, ಮೊದಲು ಯಾವುದನ್ನು ತೆಗೆಯುವುದು ಅಂತ ನೋಡುವ.