ಹೊಸ ಬಾಲ್ ಪೈಥಾನ್ ಫ್ರೋಜನ್ ಇಲಿ ತಿನ್ನುತ್ತಿಲ್ಲ, ಜೀವಂತ ಇಲಿ ಬಿಡಬೇಕಾ?

ನಿಮ್ಮ ಪ್ರಶ್ನೆ ಓದಿದೆ. ಬಾಲ್ ಪೈಥಾನ್ ಹಾವಿನ ಮರಿ ಮನೆಗೆ ಬಂದು ಹನ್ನೊಂದು ದಿನ ಆಗಿದೆ, ತೂಕ 180 ಗ್ರಾಂ. ಬಂದ ಎರಡನೇ ದಿನ ಒಮ್ಮೆ, ಆರನೇ ದಿನ ಒಮ್ಮೆ, ನಿನ್ನೆ ಇನ್ನೊಮ್ಮೆ ಫ್ರೋಜನ್ ಇಲಿ, ಅಂದರೆ ಕೊಂದು ಫ್ರೀಜರಿನಲ್ಲಿಟ್ಟ ಇಲಿ, ಕೊಟ್ಟಿದ್ದೀರಿ. ಮೂರು ಸಲವೂ ನಾಲಿಗೆ ಆಡಿಸಿ ನೋಡಿ, ತಲೆ ಹಿಂದಕ್ಕೆ ಎಳೆದುಕೊಂಡಿದೆ. ಮೊದಲು ಸಾಕಿದವರು ಜೀವಂತ ಇಲಿ ಕೊಡುತ್ತಿದ್ದರಂತೆ. ಹಾಗಾಗಿ ಈಗ ನೀವೂ ಜೀವಂತ ಇಲಿಯನ್ನೇ ಬಿಡಬೇಕಾ ಅಂತ ಕೇಳಿದ್ದೀರಿ.

ಬೇಡ, ದಯವಿಟ್ಟು ಬಿಡಬೇಡಿ. ಈ ಹಾವು ಫ್ರೋಜನ್ ಇಲಿ ತಿನ್ನುವುದಿಲ್ಲ ಅಂತ ತೀರ್ಮಾನಕ್ಕೆ ಬರುವ ಹೊತ್ತು ಇನ್ನೂ ಆಗಿಲ್ಲ. ಹೊಸ ಜಾಗಕ್ಕೆ ಬಂದ ಹಾವನ್ನು ಕನಿಷ್ಠ ಏಳು ದಿನ ಯಾರ ಕಾಟವೂ ಇಲ್ಲದೆ ಇರಲು ಬಿಡಬೇಕು. ನೀವು ಎರಡನೇ ದಿನವೇ ಇಕ್ಕಳ ಹಿಡಿದು ಹೋಗಿದ್ದೀರಿ. ಮತ್ತೆ ನಾಲ್ಕು ದಿನಕ್ಕೊಮ್ಮೆ ಮುಚ್ಚಳ ತೆಗೆದು, ಮುಖದ ಮುಂದೆ ಏನನ್ನೋ ಆಡಿಸಿದರೆ ಅದಕ್ಕೆ ಊಟ ಬಂತು ಅನ್ನಿಸುವುದಿಲ್ಲ. ಯಾರೋ ಮೈಮೇಲೆ ಬಂದರು ಅನ್ನಿಸುತ್ತದೆ. ಕಾಳಜಿಯಿಂದಲೇ ಮಾಡಿದ್ದೀರಿ, ಗೊತ್ತು. ಹಾವು ಊಟ ಬಿಟ್ಟರೆ ಸಾಕುವವರಿಗೂ ಊಟ ಸೇರುವುದಿಲ್ಲ.

ನನ್ನ ಮೊದಲ ಬಾಲ್ ಪೈಥಾನ್ 52 ದಿನ ಏನೂ ತಿನ್ನಲಿಲ್ಲ. ಮೂರು ದಿನಕ್ಕೊಮ್ಮೆ ಇಲಿ ತೋರಿಸುತ್ತಿದ್ದೆ. ದಿನಾ ಎತ್ತಿ ತೂಕ ನೋಡುತ್ತಿದ್ದೆ. ಅದು ಅಡಗಿಕೊಳ್ಳುವ ಗೂಡು ಎತ್ತಿ, ಉಸಿರಾಡುತ್ತಿದೆಯಾ ಅಂತ ನೋಡುತ್ತಿದ್ದೆ. ಕೊನೆಗೆ ಎಷ್ಟೋ ವರ್ಷದಿಂದ ಹಾವು ಸಾಕುತ್ತಿದ್ದ ಪರಿಚಯದವರೊಬ್ಬರು ಒಂದೇ ಪ್ರಶ್ನೆ ಕೇಳಿದರು: "ಅದನ್ನು ಒಂದು ವಾರ ಮುಟ್ಟದೆ ಬಿಟ್ಟಿದ್ದು ಯಾವಾಗ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಗಾಜಿನ ಪೆಟ್ಟಿಗೆಯ ಮೂರು ಬದಿಗೆ ಬಟ್ಟೆ ಕಟ್ಟಿದೆ, ಗೂಡು ಬದಲಿಸಿದೆ, ನೀರು ಬದಲಿಸುವುದು ಬಿಟ್ಟು ಬೇರೆ ಯಾವುದಕ್ಕೂ ಕೈ ಹಾಕಲಿಲ್ಲ. ಒಂಬತ್ತನೇ ದಿನ ಕತ್ತಲಾದ ಮೇಲೆ ಬಿಸಿ ಮಾಡಿದ ಇಲಿಯನ್ನು ಗೂಡಿನ ಬಾಯಿಯ ಹತ್ತಿರ ಹಿಡಿದೆ. ಒಂದೇ ಏಟಿಗೆ ಹಿಡಿದು ಸುತ್ತಿಕೊಂಡಿತು. ಅದೇ ಫ್ರೀಜರಿನ ಅದೇ ಇಲಿಗಳು!

ಈ ಜಾತಿಯ ಸ್ವಭಾವವೇ ಹಾಗೆ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದಲ್ಲಿ ಇವು ಹಗಲು ಪೂರ್ತಿ ಇಲಿಗಳ ಬಿಲದಲ್ಲೋ ಗೆದ್ದಲಿನ ಹುತ್ತದಲ್ಲೋ ಮುದುಡಿಕೊಂಡು ಇರುತ್ತವೆ. ಹೆದರಿದರೆ ಚೆಂಡಿನ ಹಾಗೆ ಸುತ್ತಿಕೊಂಡು ತಲೆಯನ್ನು ಒಳಗೆ ಬಚ್ಚಿಡುತ್ತವೆ. ಹೆಸರು ಬಂದಿದ್ದೇ ಅದರಿಂದ. ಇಂಥ ಜೀವಿಯನ್ನು ನಾಲ್ಕೂ ಕಡೆ ಗಾಜು ಇರುವ ಪೆಟ್ಟಿಗೆಯಲ್ಲಿ ಇಟ್ಟರೆ ಅದಕ್ಕೆ ನೆಮ್ಮದಿ ಎಲ್ಲಿಂದ ಬರಬೇಕು? ಎರಡು ಗೂಡು ಕೊಡಿ. ಒಂದು ಬಿಸಿ ಬದಿಗೆ, ಒಂದು ತಂಪು ಬದಿಗೆ. ಗೂಡು ದೊಡ್ಡದಿರಬಾರದು. ಸುತ್ತಿಕೊಂಡು ಕೂತಾಗ ಬೆನ್ನು, ಪಕ್ಕೆ ಎಲ್ಲ ಗೋಡೆಗೆ ತಾಗುವಷ್ಟು ಇಕ್ಕಟ್ಟಾಗಿರಲಿ. ಬಿಸಿ ಬದಿ 31ರಿಂದ 32 ಡಿಗ್ರಿ ಸೆಲ್ಸಿಯಸ್, ತಂಪು ಬದಿ 25ರಿಂದ 27, ತೇವಾಂಶ ಶೇ 60ರ ಆಸುಪಾಸು ಇರಲಿ. ಬಿಸಿ ಕೊಡುವ ಹೀಟ್ ಮ್ಯಾಟ್ ಇದ್ದರೆ, ಶಾಖವನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಇಲ್ಲದೆ ಹಾಕಲೇಬೇಡಿ, ಹೊಟ್ಟೆ ಸುಟ್ಟುಹೋಗುತ್ತದೆ. ಮೈ ತಣ್ಣಗಿದ್ದರೆ ಹಾವಿಗೆ ಜೀರ್ಣ ಮಾಡಿಕೊಳ್ಳಲು ಆಗುವುದಿಲ್ಲ. ಹಾಗಾಗಿ ತಿನ್ನುವ ಮನಸ್ಸೂ ಬರುವುದಿಲ್ಲ.

ಇನ್ನು ಇಲಿಯನ್ನು ಬಿಸಿ ಮಾಡುವ ವಿಷಯ. ಹೆಚ್ಚಿನವರು ತಪ್ಪುವುದು ಇಲ್ಲೇ. "ಐಸ್ ಬಿಡಿಸಿ ಕೊಟ್ಟೆ" ಅಂತ ಬರೆದಿದ್ದೀರಿ, ಎಷ್ಟು ಬಿಸಿ ಇತ್ತು ಅಂತ ಬರೆದಿಲ್ಲ. ಬಾಲ್ ಪೈಥಾನಿನ ತುಟಿಯ ಅಂಚಿನಲ್ಲಿ ಸಾಲಾಗಿ ಸಣ್ಣ ಸಣ್ಣ ಗುಳಿಗಳಿವೆ, ನೋಡಿರುತ್ತೀರಿ. ಅವು ಶಾಖವನ್ನು ಗುರುತಿಸುತ್ತವೆ. ಕತ್ತಲಲ್ಲಿ ಬೇಟೆ ಎಲ್ಲಿದೆ ಅಂತ ತಿಳಿಯುವುದು ಮುಖ್ಯವಾಗಿ ಈ ಗುಳಿಗಳಿಂದ ಮತ್ತು ನಾಲಿಗೆ ತರುವ ವಾಸನೆಯಿಂದ. ಜೀವಂತ ಇಲಿಯ ಮೈ ಸುಮಾರು 37 ಡಿಗ್ರಿ ಇರುತ್ತದೆ. ಐಸ್ ಬಿಟ್ಟು ಕೋಣೆಯಷ್ಟೇ ತಣ್ಣಗಿರುವ ಇಲಿಯಿಂದ ವಾಸನೆ ಬರುತ್ತದೆ, ಆದರೆ ಆ ಗುಳಿಗಳಿಗೆ ಅಲ್ಲಿ ಏನೂ ಕಾಣುವುದಿಲ್ಲ. ಅದಕ್ಕೇ ನಾಲಿಗೆ ಆಡಿಸಿ ಹಿಂದೆ ಸರಿಯುತ್ತದೆ. ಜನ ಸಾಕುವ ಇನ್ನೊಂದು ಹಾವಾದ ಕಾರ್ನ್ ಸ್ನೇಕಿಗೆ ಈ ಗುಳಿಗಳಿಲ್ಲ, ತಣ್ಣಗಿದ್ದರೂ ಎಷ್ಟೋ ಸಲ ತಿಂದುಬಿಡುತ್ತದೆ. ಕಾರ್ನ್ ಸ್ನೇಕ್ ಸಾಕಿದವರ ಸಲಹೆ ಬಾಲ್ ಪೈಥಾನಿಗೆ ಪೂರ್ತಿ ಹೊಂದದಿರುವುದು ಇದೇ ಕಾರಣಕ್ಕೆ.

ನಾನು ಮಾಡುವ ಕ್ರಮ ಹೇಳುತ್ತೇನೆ. ಹಿಂದಿನ ರಾತ್ರಿ ಇಲಿಯನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಫ್ರೀಜರಿನಿಂದ ಕೆಳಗಿನ ಫ್ರಿಜ್ಜಿಗೆ ಇಳಿಸುತ್ತೇನೆ. ಮರುದಿನ ಸಂಜೆ ಚೀಲದ ಸಮೇತ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ಇಡುತ್ತೇನೆ, ನೀರು ಆರಿದರೆ ಬದಲಿಸುತ್ತೇನೆ. ಆಮೇಲೆ ಹೊಟ್ಟೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಬೇಕು. ಒಳಗೆ ಗಟ್ಟಿಯಾಗಿ, ತಣ್ಣಗೆ ಏನಾದರೂ ಸಿಕ್ಕರೆ ಇನ್ನೂ ಐಸ್ ಇದೆ ಅಂತ. ಹೊರಗೆ ಬಿಸಿ, ಒಳಗೆ ಐಸ್ ಇರುವ ಇಲಿ ನುಂಗಿದರೆ ಹಾವು ಕಕ್ಕಿಬಿಡಬಹುದು. ಕೊನೆಗೆ ಕೈ ತಡೆದುಕೊಳ್ಳುವಷ್ಟು ಬಿಸಿ ನೀರಿನಲ್ಲಿ ಎರಡು ಮೂರು ನಿಮಿಷ ಇಟ್ಟು ತೆಗೆಯುತ್ತೇನೆ. ತಲೆಯ ಭಾಗ 38ರಿಂದ 40 ಡಿಗ್ರಿ ಇರಬೇಕು. ದೂರದಿಂದ ಶಾಖ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದು ಇಟ್ಟುಕೊಳ್ಳಿ, ಇಲಿಗೂ ಆಗುತ್ತದೆ, ಗೂಡಿಗೂ ಆಗುತ್ತದೆ. ಮೈ ಒದ್ದೆಯಾಗಿದ್ದರೆ ಟಿಶ್ಯೂನಿಂದ ಒರೆಸಿ ತಕ್ಷಣ ಕೊಡಿ. ಇಷ್ಟು ಸಣ್ಣ ಮೈ ಬೇಗ ಆರಿಹೋಗುತ್ತದೆ.

ಮೈಕ್ರೋವೇವ್ ಬೇಡ, ಕುದಿಯುವ ನೀರೂ ಬೇಡ. ಮೈಕ್ರೋವೇವಿನಲ್ಲಿ ಒಂದು ಕಡೆ ಬೇಯುತ್ತದೆ, ಇನ್ನೊಂದು ಕಡೆ ಐಸ್ ಉಳಿಯುತ್ತದೆ, ಹೊಟ್ಟೆ ಒಡೆಯುವುದೂ ಉಂಟು. ಕುದಿಯುವ ನೀರಿಗೆ ಹಾಕಿ ಒಮ್ಮೆ ನಾನೇ ಕೈ ಸುಟ್ಟುಕೊಂಡೆ, ಇಲಿಯ ಚರ್ಮವೂ ಸುಲಿದುಹೋಯಿತು. ಹಾವಿಗೆ ಬೇಯಿಸಿದ ಊಟ ಒಗ್ಗುವುದಿಲ್ಲ. ಹಸಿ ಇಲಿಯನ್ನು ಇಡಿಯಾಗಿ ನುಂಗಿದಾಗಲೇ ಅದರ ಮೂಳೆಯ ಕ್ಯಾಲ್ಸಿಯಂ, ಲಿವರಿನ ವಿಟಮಿನ್ ಎಲ್ಲ ಸಿಗುವುದು. ಬರೀ ಕೋಳಿ ಮಾಂಸದ ತುಂಡು ಕೊಟ್ಟರೆ ಅದು ಪೂರ್ತಿ ಊಟ ಆಗುವುದಿಲ್ಲ.

ಅಳತೆಯ ಬಗ್ಗೆಯೂ ನೋಡಿಕೊಳ್ಳಿ. 180 ಗ್ರಾಂ ಮರಿಗೆ ತೂಕದ ಶೇ 10ರಿಂದ 15, ಅಂದರೆ 18ರಿಂದ 27 ಗ್ರಾಂ ಇಲಿ ಸಾಕು. ಹಾವಿನ ಮೈಯ ಅತಿ ದಪ್ಪ ಭಾಗದಷ್ಟೇ ದಪ್ಪ ಇರಲಿ. ಮರಿಗೆ ವಾರಕ್ಕೊಂದು. ದೊಡ್ಡದಾದ ಮೇಲೆ ಅಂತರ ಎರಡು ಮೂರು ವಾರಕ್ಕೆ ಹೋಗುತ್ತದೆ, ಶೇಕಡಾವಾರು ಅಳತೆಯೂ ಇಳಿಯುತ್ತದೆ.

ಕೊಡುವಾಗ ದೀಪ ಆರಿಸಿ. ಕತ್ತಲಾದ ಮೇಲೆ, ಹಾವು ಗೂಡಿನಿಂದ ತಲೆಯನ್ನಷ್ಟೇ ಹೊರಗಿಟ್ಟು ಅಲುಗಾಡದೆ ಕೂತಿರುತ್ತದೆ ನೋಡಿ, ಅದೇ ಸರಿಯಾದ ಹೊತ್ತು. ಉದ್ದನೆಯ ಇಕ್ಕಳದಲ್ಲಿ ಇಲಿಯ ಬೆನ್ನನ್ನೋ ಬಾಲದ ಬುಡವನ್ನೋ ಹಿಡಿಯಿರಿ. ತಲೆ ಹಾವಿನ ಕಡೆ ಇರಲಿ. ಮುಖಕ್ಕೆ ತಾಗಿಸಬೇಡಿ. ಒಂದು ಗೇಣು ದೂರದಲ್ಲಿ, ಇಲಿ ತನ್ನ ಪಾಡಿಗೆ ಪಕ್ಕದಿಂದ ಹಾದುಹೋಗುವಂತೆ ನಿಧಾನವಾಗಿ ಸರಿಸಿ. ಬೇಟೆ ಯಾವತ್ತೂ ಹಾವಿನ ಕಡೆಗೆ ನುಗ್ಗಿ ಬರುವುದಿಲ್ಲ ಅಲ್ವಾ? ನುಗ್ಗಿ ಬಂದರೆ ಹಾವು ಹೆದರುವುದೇ ಸರಿ. ಕತ್ತು ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಮಡಚಿಕೊಂಡು, ನಾಲಿಗೆ ನಿಧಾನವಾಗಿ ಆಡಿಸುತ್ತಿದ್ದರೆ ಅಲ್ಲೇ ತಡೆದು ನಿಲ್ಲಿ. ಹಿಡಿದು ಸುತ್ತಿಕೊಂಡ ಮೇಲೆ ನೀವೂ ಅಲುಗಾಡಬೇಡಿ. ಐದು ನಿಮಿಷ ಆದರೂ ಹಿಡಿಯದಿದ್ದರೆ ಇಲಿಯನ್ನು ಗೂಡಿನ ಬಾಯಿಯ ಹತ್ತಿರ ಒಂದು ಸಣ್ಣ ತಟ್ಟೆಯಲ್ಲಿಟ್ಟು, ಪೆಟ್ಟಿಗೆ ಮುಚ್ಚಿ ಹೋಗಿಬಿಡಿ. ಎಷ್ಟೋ ಹಾವುಗಳು ಯಾರೂ ಇಲ್ಲದಾಗ ತಿನ್ನುತ್ತವೆ. ಬೆಳಿಗ್ಗೆ ಹಾಗೇ ಇದ್ದರೆ ಎಸೆಯಿರಿ. ಮತ್ತೆ ಫ್ರೀಜರಿಗೆ ಇಡಬೇಡಿ. ಮುಂದಿನ ಪ್ರಯತ್ನ ಇನ್ನೊಂದು ವಾರದ ನಂತರವೇ. ಕಣ್ಣು ಹಾಲಿನ ಹಾಗೆ ಮಸುಕಾಗಿದ್ದರೆ ಪೊರೆ ಬಿಡುವ ಸಮಯ. ಆಗಂತೂ ಕೇಳಲೂ ಬೇಡಿ, ಪೊರೆ ಬಿಟ್ಟ ಮೇಲೆ ಹಸಿವು ಚೆನ್ನಾಗಿರುತ್ತದೆ.

ಊಟಕ್ಕೆ ಅಂತ ಹಾವನ್ನು ಬೇರೆ ಡಬ್ಬಿಗೆ ಹಾಕಿ ಅಂತ ಯಾರಾದರೂ ಹೇಳಬಹುದು. ಅದರಿಂದ ಹೆದರಿಕೆ ಜಾಸ್ತಿಯಾಗುತ್ತದೆ ಅಷ್ಟೇ. ಹೊಟ್ಟೆ ತುಂಬಿದ ಹಾವನ್ನು ಎತ್ತಿ ವಾಪಸ್ ಹಾಕುವುದೂ ಒಳ್ಳೆಯದಲ್ಲ. ಇರುವ ಜಾಗದಲ್ಲೇ ಕೊಡಿ.

ಇಷ್ಟೆಲ್ಲ ಮಾಡಿ ಎರಡು ಮೂರು ವಾರ ಪ್ರಯತ್ನಿಸಿದರೂ ಆಗಲಿಲ್ಲ ಅಂದರೆ ಮುಂದಿನ ದಾರಿಗಳಿವೆ. ಹಿಂದಿನವರು ಕೊಡುತ್ತಿದ್ದದ್ದು ಸಣ್ಣ ಜಾತಿಯ ಇಲಿಯಾದ ಮೌಸ್ ಆಗಿದ್ದು ನೀವು ದೊಡ್ಡ ಜಾತಿಯ ರ‍್ಯಾಟ್ ಮರಿ ಕೊಡುತ್ತಿದ್ದರೆ, ಹಾವಿನ ಮಟ್ಟಿಗೆ ಅದು ಬೇರೆಯೇ ಪ್ರಾಣಿ. ಮೊದಲು ಅದೇ ಜಾತಿಗೆ ಹೋಗಿ. ಆಮೇಲೆ ರ‍್ಯಾಟಿನ ಮೈಗೆ ಮೌಸಿನ ಗೂಡಿನ ಹುಲ್ಲು ಉಜ್ಜಿ ವಾಸನೆ ಹತ್ತಿಸಿ ನಿಧಾನವಾಗಿ ಬದಲಿಸಬಹುದು. ಕಾಡಿನಲ್ಲಿ ಸಣ್ಣ ಬಾಲ್ ಪೈಥಾನ್‌ಗಳು ಹಕ್ಕಿ ಮರಿಗಳನ್ನು ಜಾಸ್ತಿ ತಿನ್ನುತ್ತವೆ, ದೊಡ್ಡವಾದ ಮೇಲೆ ಇಲಿ ಜಾತಿಯತ್ತ ಹೋಗುತ್ತವೆ. ಅದಕ್ಕೇ ಕೋಳಿಮರಿಯ ವಾಸನೆ ಹತ್ತಿಸಿದ ಇಲಿಯನ್ನು ಕೆಲವು ಹಠಮಾರಿ ಮರಿಗಳು ಹಿಡಿಯುತ್ತವೆ. ಹೇರ್ ಡ್ರೈಯರಿನಿಂದ ಇಲಿಯ ತಲೆಯನ್ನಷ್ಟೇ ಇನ್ನಷ್ಟು ಬಿಸಿ ಮಾಡುವುದು ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದ ಉಪಾಯ. ಕೊನೆಯ ಮೆಟ್ಟಿಲು, ತಿಳಿದವರು ನೋವಾಗದಂತೆ ಆಗತಾನೆ ಕೊಂದ ಇಲಿ. ಒಂದೆರಡು ಸಲ ಅದನ್ನು ತಿಂದರೆ ಫ್ರೋಜನ್ ಕಡೆ ತಿರುಗಿಸುವುದು ಸುಲಭ.

ಜೀವಂತ ಇಲಿಗೆ ನಾನು ಇಷ್ಟು ವಿರೋಧ ಮಾಡಲು ಕಾರಣ ಇದೆ. ಹಸಿವಿಲ್ಲದ ಹಾವು ಇಲಿಯನ್ನು ತಡೆಯುವುದಿಲ್ಲ, ಸುಮ್ನೆ ಮುದುಡಿಕೊಂಡು ಇರುತ್ತದೆ. ಇಲಿ ಅದನ್ನು ಕಚ್ಚುತ್ತದೆ. ಬೆನ್ನಿನ ಮಾಂಸ ಕಿತ್ತು ಮೂಳೆ ಕಾಣುವ ಹಾಗೆ ಆದ ಹಾವನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಂದು ರಾತ್ರಿ ಒಂದೇ ಪೆಟ್ಟಿಗೆಯಲ್ಲಿ ಬಿಟ್ಟಿದ್ದಕ್ಕೆ ಆದದ್ದು. ಇಲಿಗೂ ಅದು ತಪ್ಪಿಸಿಕೊಳ್ಳಲಾಗದ ಹೆದರಿಕೆ. ಮನೆಯಲ್ಲಿ ಸಿಕ್ಕ ಇಲಿಯನ್ನು ಹಿಡಿದು ಹಾಕುವುದು ಇನ್ನೂ ಕೆಟ್ಟದ್ದು. ಅದು ಇಲಿ ಪಾಷಾಣ ತಿಂದಿದ್ದರೆ ಹಾವಿನ ಜೀವಕ್ಕೂ ಅಪಾಯ.

ತಿಂದ ಮೇಲೆ ಎರಡು ದಿನ ಮುಟ್ಟಬೇಡಿ. ಒಳಗೆ ನಡೆಯುವ ಕೆಲಸ ದೊಡ್ಡದು. ಬರ್ಮೀಸ್ ಪೈಥಾನ್ ಮೇಲೆ ಮಾಡಿದ ಒಂದು ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಊಟವಾದ 48 ಗಂಟೆಯೊಳಗೆ ಅದರ ಹೃದಯದ ಕೆಳಕೋಣೆಯ ತೂಕ ಶೇ 40ರಷ್ಟು ಹೆಚ್ಚಿತ್ತು. ಆ ಹೊತ್ತಲ್ಲಿ ಅದಕ್ಕೆ ಬೇಕಾದ್ದು ಶಾಖ ಮತ್ತು ವಿಶ್ರಾಂತಿ. ಅಕಸ್ಮಾತ್ ಕಕ್ಕಿದರೆ ಗಾಬರಿಯಿಂದ ಮತ್ತೆ ಕೊಡಬೇಡಿ. ಎರಡು ವಾರ ಬಿಟ್ಟು, ಮೊದಲಿನ ಅರ್ಧದಷ್ಟು ಸಣ್ಣ ಇಲಿ ಕೊಡಿ. ಎರಡನೇ ಸಲವೂ ಕಕ್ಕಿದರೆ ವೈದ್ಯರ ಹತ್ತಿರ ಹೋಗಲೇಬೇಕು.

ಸ್ವಚ್ಛತೆಯ ಬಗ್ಗೆ ಒಂದು ಮಾತು, ನಿಮಗೆ ಪುಟ್ಟ ಮಗು ಇದೆ ಅಂತ ಬರೆದಿದ್ದಕ್ಕೆ. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಫ್ರೀಜರಿನಲ್ಲಿ ಸಾಯುವುದಿಲ್ಲ. 2014ರಲ್ಲಿ ಅಮೆರಿಕದ 18 ರಾಜ್ಯಗಳಲ್ಲಿ 37 ಜನರಿಗೆ ಈ ಸೋಂಕು ಬಂದಾಗ, ಅದರ ಮೂಲ ಹಾವುಗಳಿಗೆ ಕೊಡುವ ಫ್ರೋಜನ್ ಇಲಿ ಅಂತ ಅಲ್ಲಿನ ಆರೋಗ್ಯ ಇಲಾಖೆಯವರು ಪತ್ತೆ ಹಚ್ಚಿದರು. ಆದ್ದರಿಂದ ಇಲಿಗೆ ಬೇರೆ ಮುಚ್ಚಿದ ಡಬ್ಬಿ, ಬೇರೆ ಪಾತ್ರೆ, ಬೇರೆ ಇಕ್ಕಳ. ಅಡುಗೆಮನೆಯ ಸಿಂಕಿನಲ್ಲಿ ಐಸ್ ಬಿಡಿಸಬೇಡಿ. ಕೈ ಸೋಪು ಹಾಕಿ ತೊಳೆಯಿರಿ. ಕೈಯಲ್ಲಿ ಇಲಿ ವಾಸನೆ ಇದ್ದರೆ ಹಾವು ಕೈಯನ್ನೇ ಹಿಡಿಯುವ ಸಾಧ್ಯತೆಯೂ ಇದೆ. ಐದು ವರ್ಷದೊಳಗಿನ ಮಕ್ಕಳು ಹಾವನ್ನೂ ಇಲಿಯನ್ನೂ ಮುಟ್ಟದಿರುವುದೇ ಕ್ಷೇಮ.

ಎಷ್ಟು ದಿನ ಕಾಯಬಹುದು ಅನ್ನುವ ನಿಮ್ಮ ಭಯಕ್ಕೆ ಉತ್ತರ ದಿನದ ಲೆಕ್ಕದಲ್ಲಿಲ್ಲ, ತೂಕದಲ್ಲಿದೆ. ಬೆಳೆದ ಬಾಲ್ ಪೈಥಾನ್ ತಿಂಗಳುಗಟ್ಟಲೆ ಉಪವಾಸ ಇದ್ದು ಆರೋಗ್ಯವಾಗಿರಬಲ್ಲದು. ಮರಿಗೆ ಅಷ್ಟು ತಾಳಿಕೆ ಇಲ್ಲ, ಆದರೂ ಹನ್ನೊಂದು ದಿನ ಏನೂ ಅಲ್ಲ. ಅಡುಗೆ ತಕ್ಕಡಿಯಂಥದ್ದೊಂದನ್ನು ಹಾವಿಗೆಂದೇ ಬೇರೆ ಇಟ್ಟುಕೊಳ್ಳಿ. ಈಗ ಮುಟ್ಟದೆ ಬಿಡುವ ಒಂದು ವಾರ ಕಳೆದ ಮೇಲೆ ಎರಡು ವಾರಕ್ಕೊಮ್ಮೆ ತೂಗಿ ಬರೆದಿಡಿ. 162 ಗ್ರಾಂಗಿಂತ ಕೆಳಗೆ ಇಳಿದರೆ, ಅಂದರೆ ಶೇ 10 ಕಳೆದುಕೊಂಡರೆ, ಅಥವಾ ಬಾಯಿ ತೆರೆದು ಉಸಿರಾಡಿದರೆ, ಬಾಯಿಯಲ್ಲಿ ಲೋಳೆ ಕಂಡರೆ, ಬೆನ್ನೆಲುಬು ಎದ್ದು ಕಂಡರೆ, ಸರೀಸೃಪ ನೋಡುವ ಪಶುವೈದ್ಯರಿಗೆ ತೋರಿಸಿ. ನೀವೇ ಬಾಯಿ ತೆರೆಸಿ ತುರುಕಲು ಹೋಗಬೇಡಿ.

ಈಗ ಎರಡು ಕೆಲಸ ಮಾಡಿ. ಬಿಸಿ ಬದಿಯ ಗೂಡಿನ ಒಳಗೆ, ನೆಲದಲ್ಲಿ, ಎಷ್ಟು ಡಿಗ್ರಿ ಇದೆ ಅಂತ ಅಳೆಯಿರಿ. ಹಿಂದಿನವರಿಗೆ ಫೋನ್ ಮಾಡಿ, ಕೊಡುತ್ತಿದ್ದದ್ದು ಮೌಸಾ ರ‍್ಯಾಟಾ, ಕೊನೆಯ ಸಲ ತಿಂದದ್ದು ಯಾವಾಗ ಅಂತ ಕೇಳಿ. ಎರಡನ್ನೂ ಇಲ್ಲಿ ಬರೆಯಿರಿ, ಅದನ್ನು ನೋಡಿಕೊಂಡು ಮುಂದಿನ ಸಲ ಏನು ಕೊಡಬೇಕು ಅಂತ ಹೇಳುತ್ತೇನೆ.