ಮಧ್ಯಾಹ್ನದ ಅಜ್ಜಿ, ಸಂಜೆಯ ಅಜ್ಜಿ: ಫೋಟೊ ಬೆಳಕಿನ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲವೂ 'ಯಾವ ಕ್ಯಾಮೆರಾ ಕೊಳ್ಳಲಿ' ಅನ್ನೋ ಪ್ರಶ್ನೆಗಳೇ ಜಾಸ್ತಿ. ಅವನ್ನೆಲ್ಲ ಪಕ್ಕಕ್ಕಿಟ್ಟು, ಬೆಳಕಿನ ಬಗ್ಗೆ ಕೇಳಿದವನ್ನು ಮಾತ್ರ ಆರಿಸಿಕೊಂಡಿದ್ದೇನೆ. ಬೇರೆಯವರು ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ನಮ್ಮದು ಶಿಡ್ಲಘಟ್ಟದ ಹತ್ತಿರ ರೇಷ್ಮೆ ಬೆಳೆಯುವ ಮನೆ. ಅಜ್ಜಿ ಚಂದ್ರಿಕೆಯಿಂದ (ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆ) ಗೂಡು ಬಿಡಿಸುವಾಗ ಮೊಬೈಲಿನಲ್ಲಿ ಎರಡು ಫೋಟೊ ತೆಗೆದೆ. ಒಂದು ಮಧ್ಯಾಹ್ನ ಅಂಗಳದಲ್ಲಿ, ಇನ್ನೊಂದು ಸಂಜೆ ಬಾಗಿಲ ಬಳಿ. ಮಧ್ಯಾಹ್ನದ್ದನ್ನು ಮನೆಯವರ ಗ್ರೂಪಿಗೆ ಹಾಕಿದೆ. 'ಅವ್ವನಿಗೆ ಊಟ ಹಾಕ್ತಿಲ್ವಾ ಅಂತ ಜನ ಕೇಳ್ತಾರೆ, ತೆಗಿ ಅದನ್ನ' ಅಂತ ಮಾವ ಬೈದರು. ಸಂಜೆಯದ್ದು ಎಲ್ಲರಿಗೂ ಇಷ್ಟ ಆಯಿತು. ಅದೇ ಅಜ್ಜಿ, ಅದೇ ಸೀರೆ, ಅದೇ ದಿನ. ಏನಾಯಿತು?

ಉತ್ತರ: ನೀವು ಕಳಿಸಿದ ಎರಡನ್ನೂ ನೋಡಿದೆ. ನಿಮ್ಮ ಮಾವ ಬೈದದ್ದರಲ್ಲಿ ತಪ್ಪೇನಿಲ್ಲ. ಮಧ್ಯಾಹ್ನದ ಫೋಟೊದಲ್ಲಿ ಅಜ್ಜಿಗೆ ಕಣ್ಣೇ ಇಲ್ಲ. ಹುಬ್ಬಿನ ಕೆಳಗೆ ಎರಡು ಕಪ್ಪು ಗುಳಿ, ಮೂಗಿನ ಕೆಳಗೊಂದು ಕಪ್ಪು ಪಟ್ಟೆ, ಕೆನ್ನೆ ಒಳಗೆ ಹೋದ ಹಾಗೆ. ಇಂಥ ಮುಖ ಕಂಡರೆ ಹಸಿವು, ಕಾಯಿಲೆ ಅಂತಲೇ ನಮ್ಮ ಮನಸ್ಸು ಓದಿಕೊಳ್ಳುತ್ತದೆ. ಆ ಗುಳಿಗಳನ್ನು ತೋಡಿದ್ದು ನೆತ್ತಿಯ ಮೇಲಿದ್ದ ಸೂರ್ಯ. ನಮ್ಮ ಸೀಮೆ ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ನಡುವಿನಲ್ಲೊಮ್ಮೆ, ಮಧ್ಯಾಹ್ನ ಕಂಬದ ನೆರಳು ಕಂಬದ ಬುಡದಲ್ಲೇ ಮುಗಿದುಹೋಗುತ್ತದೆ. ಆ ಹೊತ್ತಿನಲ್ಲಿ ಮದುಮಗಳ ಮುಖ ತೆಗೆದರೂ ಕಣ್ಣು ಗುಳಿಯೇ.

ಬೆಳಕಿನ ಗಾತ್ರವೂ ಲೆಕ್ಕಕ್ಕೆ ಬರುತ್ತದೆ. ಸೂರ್ಯ ನಿಜಕ್ಕೂ ದೊಡ್ಡವನು, ಆದರೆ ನಮ್ಮ ಆಕಾಶದಲ್ಲಿ ಅವನ ಅಗಲ ಅರ್ಧ ಡಿಗ್ರಿ ಅಷ್ಟೇ. ಅಷ್ಟು ಚಿಕ್ಕ ಜಾಗದಿಂದ ಬಂದ ಬೆಳಕಿನ ನೆರಳಿಗೆ ಬ್ಲೇಡಿನಂಥ ಅಂಚು ಇರುತ್ತದೆ. ಸಂಜೆ ಏನಾಯಿತು? ನೇರ ಬಿಸಿಲು ಇರಲಿಲ್ಲ. ಬೆಳಕು ಬಂದದ್ದು ಇಡೀ ಬಾಗಿಲಿನಿಂದ. ಅಜ್ಜಿಯ ಮುಖದ ಪಕ್ಕದಲ್ಲೇ ಅಷ್ಟು ದೊಡ್ಡ ಬೆಳಕಿನ ಹಲಗೆ ನಿಲ್ಲಿಸಿದ ಹಾಗೆ. ಅದು ಮೂಗಿನ ಆಚೆಗೂ ಬಳಸಿಕೊಂಡು ಹೋಗಿದೆ.

ಹಾಗಂತ ಸುಕ್ಕು ಮಾಯವಾಗಿಲ್ಲ. ಎಣಿಸಿದರೆ ಸಂಜೆಯ ಫೋಟೊದಲ್ಲೇ ಜಾಸ್ತಿ ಸಿಗಬಹುದು, ಯಾಕೆಂದರೆ ಪಕ್ಕದಿಂದ ಬಂದ ಬೆಳಕು ಚರ್ಮದ ಏರಿಳಿತವನ್ನೆಲ್ಲ ಎತ್ತಿ ತೋರಿಸುತ್ತದೆ. ಆದರೆ ಅಜ್ಜಿಯ ಕಣ್ಣನ್ನು ಜೂಮ್ ಮಾಡಿ ನೋಡಿ. ಕರಿಗುಡ್ಡೆಯ ಮೇಲೆ ಬಾಗಿಲು ಚೌಕಟ್ಟಿನ ಸಮೇತ ಕಾಣುತ್ತದೆ, ಅಕ್ಕಿ ನುಚ್ಚಿನಷ್ಟು. ಆ ಬಿಳಿ ಚುಕ್ಕೆ ಇದ್ದರೆ ಎದುರಿಗಿರುವವರು ಏನೋ ನೋಡುತ್ತಿದ್ದಾರೆ, ಯೋಚಿಸುತ್ತಿದ್ದಾರೆ ಅನ್ನಿಸುತ್ತದೆ. ಅದಿಲ್ಲದೆ ಹೋದರೆ ಎಷ್ಟೇ ಚೆನ್ನಾಗಿ ನಗಿಸಿದರೂ ಮುಖ ಬೊಂಬೆಯ ಥರ. ನನ್ನನ್ನು ಕೇಳಿದರೆ ಮುಖದ ಫೋಟೊದಲ್ಲಿ ಮೊದಲು ಹುಡುಕಬೇಕಾದ್ದೇ ಈ ಚುಕ್ಕೆಯನ್ನು.

ಹಿಂದಿನ ಗೋಡೆ ಕತ್ತಲಾದದ್ದೂ ನಿಮಗೆ ಸಹಾಯ ಮಾಡಿದೆ. ಬಲ್ಬಿನಿಂದ ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಮೂರರಷ್ಟಾದರೆ ಒಂಬತ್ತರಲ್ಲಿ ಒಂದು ಭಾಗಕ್ಕೆ. ಬಾಗಿಲಿಗೆ ಈ ಲೆಕ್ಕ ಕರಾರುವಾಕ್ಕಾಗಿ ಕೂರುವುದಿಲ್ಲ, ಆದರೆ ದಾರಿ ಅದೇ. ಅಜ್ಜಿ ಬಾಗಿಲಿಗೆ ಹತ್ತಿರ, ಗೋಡೆ ದೂರ. ಹಾಗಾಗಿ ಮೂಟೆ, ಸ್ವಿಚ್ ಬೋರ್ಡು, ಹಳೇ ಕ್ಯಾಲೆಂಡರು ಎಲ್ಲ ಮರೆಯಾಗಿ, ಮುಖ, ಕೈ, ಗೂಡಿನ ರಾಶಿ ಉಳಿದವು. ಮೂಲೆಯಲ್ಲಿ ಒರಗಿಸಿದ ಚಂದ್ರಿಕೆಯ ಬಿದಿರಿನ ಸುತ್ತುಗಳಿಗೆ ಅಂಚಿಗಷ್ಟೇ ಬೆಳಕು ತಾಗಿದೆ. ಈಗ ನೋಡುವವರ ಕಣ್ಣು ಹೋಗುವುದು ಅಜ್ಜಿಯ ಬೆರಳಿಗೆ. ಕೆಲಸ ಬಲ್ಲ ಕೈ ಅಂತ ಗೊತ್ತಾಗುತ್ತದೆ.

ನನ್ನದೂ ಒಂದು ಕಥೆ ಹೇಳಿಬಿಡುತ್ತೇನೆ. ಹೊಸದರಲ್ಲಿ ನಾನೂ ಮಟಮಟ ಮಧ್ಯಾಹ್ನ ವಯಸ್ಸಾದವರ ಮುಖ ತೆಗೆದು, ಕಪ್ಪು-ಬಿಳುಪು ಮಾಡಿ, ಕಾಂಟ್ರಾಸ್ಟ್ ಏರಿಸಿ ಸ್ಪರ್ಧೆಗಳಿಗೆ ಕಳಿಸುತ್ತಿದ್ದೆ. ಒಂದಕ್ಕೆ ಬಹುಮಾನವೂ ಬಂತು. ಅದರಲ್ಲಿದ್ದವರು ಎರಡು ಬೋರ್‌ವೆಲ್, ಒಂದು ಟ್ರ್ಯಾಕ್ಟರ್ ಇದ್ದ ರೈತರು. ನಾನು ಇಟ್ಟ ಶೀರ್ಷಿಕೆ 'ಬರ'. ಆ ಫೋಟೊವನ್ನು ಅವರಿಗೆ ತೋರಿಸುವ ಧೈರ್ಯ ಇವತ್ತಿಗೂ ಬಂದಿಲ್ಲ.

ಒಂದು ಎಚ್ಚರಿಕೆ. ಮೊಬೈಲಿಗೆ ನೆರಳು ಕಂಡರಾಗದು. ಎಚ್‌ಡಿಆರ್, ನೈಟ್ ಮೋಡ್ ಹಾಕಿದ್ದರೆ ಕತ್ತಲ ಮೂಲೆಯನ್ನೆಲ್ಲ ಕೆದಕಿ ಬೆಳ್ಳಗೆ ಮಾಡಿಬಿಡುತ್ತದೆ. ಅವನ್ನು ಆಫ್ ಮಾಡಿ. ಮುಖದ ಮೇಲೆ ಬೆರಳು ಒತ್ತಿಹಿಡಿದರೆ ಪಕ್ಕದಲ್ಲಿ ಚಿಕ್ಕ ಸೂರ್ಯನ ಗುರುತು ಬರುತ್ತದಲ್ವಾ, ಅದನ್ನು ಒಂಚೂರು ಕೆಳಕ್ಕೆ ಎಳೆಯಿರಿ. ಅಷ್ಟು ಸಾಕು.

ಪ್ರಶ್ನೆ: ನಂದಿ ಬೆಟ್ಟದಲ್ಲಿ ಸೂರ್ಯೋದಯದ ಎದುರು ಹೆಂಡತಿಯನ್ನು ನಿಲ್ಲಿಸಿ ತೆಗೆದ ಫೋಟೊಗಳಲ್ಲೆಲ್ಲ ಮುಖ ಕಪ್ಪು. ಫ್ಲ್ಯಾಶ್ ಹಾಕಿದರೆ ಪಾಸ್‌ಪೋರ್ಟ್ ಫೋಟೊ ಥರ ಬರುತ್ತೆ. (ಚಿಕ್ಕಬಳ್ಳಾಪುರ)

ಉತ್ತರ: 1,478 ಮೀಟರ್ ಎತ್ತರದ ಬೆಟ್ಟದ ಮೇಲೆ ಆ ಹೊತ್ತಿಗೆ ಎಲ್ಲರ ಮೊಬೈಲೂ ಪೂರ್ವಕ್ಕೇ ತಿರುಗಿರುತ್ತದೆ. ನೀವು ಸೂರ್ಯನಿಗೆ ಬೆನ್ನು ಹಾಕಿ. ಹೆಂಡತಿ ಸೂರ್ಯನನ್ನು ನೋಡಲಿ, ನೀವು ಹೆಂಡತಿಯನ್ನು ನೋಡಿ. ಮಂಜಿನಲ್ಲಿ ಸೋಸಿ ಬಂದ ಎಳೆಬಿಸಿಲು ಮುಖಕ್ಕೆ ಅರಿಶಿನ ಹಚ್ಚಿದ ಹಾಗೆ ಕೂರುತ್ತದೆ, ಹತ್ತು ಹದಿನೈದು ನಿಮಿಷ ಮಾತ್ರ. ಸೂರ್ಯನೂ ಬೇಕೇ ಬೇಕು ಅಂದರೆ ಕಪ್ಪು ಮುಖಕ್ಕೆ ಒಪ್ಪಿಕೊಳ್ಳಿ, ಆದರೆ ಅವರನ್ನು ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿ. ಮೂಗು, ಗದ್ದ, ಹಾರುವ ಸೆರಗಿನ ಗೆರೆ ಕಂಡರೆ ಅದು ಅವರೇ ಅಂತ ಗುರುತು ಸಿಗುತ್ತದೆ. ಎದುರಿಗೆ ನಿಂತರೆ ಬರೀ ಕಪ್ಪು ಕಂಬ.

ಪ್ರಶ್ನೆ: ನಮ್ಮ ಹಳೇ ಮನೆಯ ಬೆಳಕಿಂಡಿಯಿಂದ ಬೆಳಿಗ್ಗೆ ಬಿಸಿಲುಕೋಲು ಇಳಿಯುತ್ತದೆ. ಕಣ್ಣಿಗೆ ಕಾಣುತ್ತದೆ, ಫೋಟೊದಲ್ಲಿ ಕಾಣುವುದಿಲ್ಲ. (ಕೋಲಾರ)

ಉತ್ತರ: ಬಿಸಿಲುಕೋಲು ಅಂದರೆ ಧೂಳು ಬೆಳಗುವುದು. ಗುಡಿಸಿ ಒರೆಸಿದ ಮನೆಯಲ್ಲಿ ಕೋಲು ತೆಳ್ಳಗಾಗುತ್ತದೆ. ಒಳಗೆ ಒಂದು ಊದುಬತ್ತಿ ಹಚ್ಚಿ, ಕೋಲಿನ ಹಿಂದೆ ಕತ್ತಲ ಗೋಡೆ ಬರುವ ಹಾಗೆ ನಿಂತು, ಎಕ್ಸ್‌ಪೋಶರ್ (ಫೋಟೊ ಎಷ್ಟು ಬೆಳ್ಳಗೆ ಬರಬೇಕು ಅನ್ನುವ ಅಳತೆ) ಇಳಿಸಿ ತೆಗೆಯಿರಿ. ಬೆಳಕು ನಿಮ್ಮ ಕಡೆಗೇ ಓರೆಯಾಗಿ ಬರುತ್ತಿದ್ದರೆ ಇನ್ನೂ ಚೆನ್ನ. ಹಿಂದಿನಿಂದ ಬೆಳಗಿದ ಹೊಗೆ ಜಾಸ್ತಿ ಹೊಳೆಯುತ್ತದೆ. (ಇದನ್ನು ಓದಿ ಶಿಡ್ಲಘಟ್ಟದವರು ಹುಳದ ಮನೆಯಲ್ಲಿ ಹೊಗೆ ಹಾಕಿಬಿಟ್ಟೀರಿ! ಹುಳಕ್ಕೆ ಅದು ಆಗಿಬರುವುದಿಲ್ಲ.)

ಬೆಳಕಿಂಡಿ ಸರಿಯಾದ ಕಡೆ ಇಲ್ಲದಿದ್ದರೆ ಕನ್ನಡಿ ಇದೆಯಲ್ಲ. ನಮ್ಮ ಮೈಸೂರಿನವರೇ ಆದ ಛಾಯಾಗ್ರಾಹಕ ವಿ.ಕೆ. ಮೂರ್ತಿ 1959ರ 'ಕಾಗಜ್ ಕೆ ಫೂಲ್' ಚಿತ್ರಕ್ಕೆ ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ತಿರುಗಿಸಿ ಸ್ಟುಡಿಯೊ ಒಳಗೆ ಇಳಿಸಿದ್ದರು. ಖಾಲಿ ಸ್ಟುಡಿಯೊ, ಇಬ್ಬರು ಮನುಷ್ಯರು, ನಡುವೆ ಒಂದು ಬೆಳಕಿನ ಕಂಬ. ಇಬ್ಬರೂ ಹತ್ತಿರ ಬರಲಾರರು ಅನ್ನುವುದನ್ನು ಆ ಕಂಬವೇ ಹೇಳಿಬಿಡುತ್ತದೆ. ಛಾಯಾಗ್ರಾಹಕರೊಬ್ಬರಿಗೆ ಮೊದಲ ಬಾರಿಗೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂದದ್ದೂ ಅವರಿಗೇ, 2008ನೇ ಸಾಲಿನದ್ದು. ನಿಮಗೆ ಬೀರುವಿನ ಕನ್ನಡಿ ಸಾಕು. ಹಿಡಿದುಕೊಳ್ಳಲು ತಾಳ್ಮೆ ಇರುವ ತಮ್ಮನೊಬ್ಬ ಬೇಕು.

ಪ್ರಶ್ನೆ: ನಮ್ಮ ಕಡೆ ಸೇವಂತಿಗೆ ತೋಟಕ್ಕೆ ರಾತ್ರಿ ಬಲ್ಬು ಹಾಕುತ್ತಾರೆ. ಕಣ್ಣಿಗೆ ಜಾತ್ರೆ. ಫೋಟೊದಲ್ಲಿ ಮಾತ್ರ ಕಪ್ಪು ಬಟ್ಟೆಯ ಮೇಲೆ ಬಿಳಿ ಚುಕ್ಕೆ, ಕೆಲವದರಲ್ಲಿ ಅಡ್ಡ ಪಟ್ಟೆ ಬೇರೆ. (ಚಿಕ್ಕಬಳ್ಳಾಪುರ ತಾಲ್ಲೂಕು)

ಉತ್ತರ: ನೀವು ತಡವಾಗಿ ಹೋಗಿದ್ದೀರಿ. ಸೂರ್ಯ ಮುಳುಗಿ ಇಪ್ಪತ್ತು ನಿಮಿಷದ ಹೊತ್ತಿಗೆ ಆಕಾಶ ಇನ್ನೂ ನೀಲಿ ಇರುತ್ತದೆ. ಬಲ್ಬು ಅಷ್ಟರಲ್ಲೇ ಹಾಕಿದ್ದರೆ ಅದೇ ಹದ. ಹಾಕದಿದ್ದರೆ ತೋಟದವರನ್ನು ಕೇಳಿಕೊಳ್ಳಿ, ಒಂದು ದಿನ ಬೇಗ ಹಾಕಿದರೆ ಅವರಿಗೇನೂ ನಷ್ಟವಿಲ್ಲ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಹಳದಿ ಬಲ್ಬಿನ ಬೆಳಕು 2,700ರಿಂದ 3,000 ಕೆಲ್ವಿನ್ ಆಸುಪಾಸು. ಮೊಬೈಲ್ ಕ್ಯಾಮೆರಾದ ಪ್ರೊ ಮೋಡಿನಲ್ಲಿ ವೈಟ್ ಬ್ಯಾಲೆನ್ಸ್ (ಬಣ್ಣ ಹೊಂದಿಸುವ ಆಯ್ಕೆ) ಅನ್ನು 4,000ಕ್ಕೆ ಇಟ್ಟರೆ ಬಲ್ಬು ಬೆಚ್ಚಗೆ ಉಳಿಯುತ್ತದೆ, ಆಕಾಶ ತಣ್ಣಗಾಗುತ್ತದೆ. ಪಟ್ಟೆ ಬರುವುದು ನಮ್ಮ ಕರೆಂಟ್ 50 ಹರ್ಟ್ಸ್ ಆದ್ದರಿಂದ. ಕೆಲವು ಎಲ್‌ಇಡಿ ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ. ಅಲ್ಲೇ ಶಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಇಡಿ, ಪಟ್ಟೆ ಹೋಗುತ್ತದೆ.

ಆದರೆ ಬರೀ ಬಲ್ಬಿನ ಸಾಲು ತೆಗೆದರೆ ದೀಪಾವಳಿ ಕಾರ್ಡ್ ಆಗುತ್ತದೆ. ಸೇವಂತಿಗೆ ಮೊಗ್ಗು ಕಟ್ಟುವುದು ರಾತ್ರಿ ಉದ್ದವಾದಾಗ. ಬಲ್ಬು ಉರಿಸಿ ರಾತ್ರಿಯನ್ನು ಮೊಟಕು ಮಾಡಿದರೆ ಗಿಡ ಇನ್ನಷ್ಟು ಎತ್ತರ ಬೆಳೆಯುತ್ತದೆ, ಹೂವು ತಡವಾಗುತ್ತದೆ. ಗಿಡಕ್ಕೆ ಇನ್ನೂ ಹಗಲು ಅಂತ ನಂಬಿಸುವ ಕೆಲಸ ಇದು. ಅದನ್ನು ತೋರಿಸಿ. ಗಿಡದ ಮಟ್ಟಕ್ಕೆ ಕೂತು, ಒಂದು ಬಲ್ಬಿನ ಕೆಳಗಿನ ಹಸಿರನ್ನು ಹತ್ತಿರದಿಂದ ತೆಗೆಯಿರಿ. ಹಿಂದೆ ಸಾಲು ನಡುವೆ ತೋಟದವರು ನಡೆದುಬರಲಿ, ಮಸುಕಾಗಿದ್ದರೂ ಸರಿ. ವೈರುಗಳ ಮೇಲೆ ಕಾಲಿಡಬೇಡಿ, ನೆಲ ಒದ್ದೆ ಇರುತ್ತದೆ.

ಪ್ರಶ್ನೆ: ಊರ ಜಾತ್ರೆಯ ಪೌರಾಣಿಕ ನಾಟಕದಲ್ಲಿ ಅಪ್ಪ ದುರ್ಯೋಧನ. ಅವರು ಕಂದಪದ್ಯ ಎತ್ತುವಾಗಲೇ ಕೆಂಪು ಲೈಟ್ ಬಿಡುತ್ತಾರೆ. ಫೋಟೊದಲ್ಲಿ ಮುಖ ಕೆಂಪು ಮುದ್ದೆ. (ತುಮಕೂರು)

ಉತ್ತರ: ಕ್ಯಾಮೆರಾ ಕೆಂಪು, ಹಸಿರು, ನೀಲಿ ಅಂತ ಮೂರು ಪಾತ್ರೆಯಲ್ಲಿ ಬೆಳಕು ಹಿಡಿಯುತ್ತದೆ ಅಂದುಕೊಳ್ಳಿ. ಕೆಂಪು ಲೈಟಿನಲ್ಲಿ ಒಂದು ಪಾತ್ರೆ ತುಂಬಿ ಚೆಲ್ಲುತ್ತದೆ, ಉಳಿದೆರಡು ಖಾಲಿ. ಚೆಲ್ಲಿದ ಕಡೆ ಮೀಸೆ, ಕೆನ್ನೆ, ಕಣ್ಣಿನ ವಿವರ ಇರುವುದಿಲ್ಲ. ಎಕ್ಸ್‌ಪೋಶರ್ ಚೆನ್ನಾಗಿ ಇಳಿಸಿ, ಫೋಟೊ ಕತ್ತಲು ಅನ್ನಿಸಿದರೂ ಪರವಾಗಿಲ್ಲ. ಇಲ್ಲವೇ ಲೈಟ್ ಬದಲಾಗುವ ಗಳಿಗೆಗೆ ಕಾಯಿರಿ. ಕೆಂಪು ಆರಿ ಬಿಳಿ ಬರುವ ನಡುವೆ ಒಂದು ಕ್ಷಣ ಎರಡೂ ಬೆರೆತಿರುತ್ತವೆ. ನಾಟಕದಲ್ಲಿ ಕೆಂಪು ಯಾಕೆ ನಡೆಯುತ್ತದೆ ಅಂದರೆ ಕಂದ ಕಿವಿಗೆ ಬೀಳುತ್ತಿರುತ್ತದೆ, ಹಾರ್ಮೋನಿಯಂ ಮೇಷ್ಟ್ರು ಏರಿಸುತ್ತಿರುತ್ತಾರೆ. ಫೋಟೊಗೆ ಆ ದನಿ ಇಲ್ಲ, ಬರೀ ಬಣ್ಣ ಉಳಿಯುತ್ತದೆ.

ವೇದಿಕೆಯ ಮುಂದೆ ನೆಲದಲ್ಲಿ ಲೈಟ್ ಇಟ್ಟಿದ್ದರೆ ಅದನ್ನೂ ಗಮನಿಸಿ. ಕರೆಂಟ್ ಹೋದಾಗ ಗದ್ದದ ಕೆಳಗೆ ಟಾರ್ಚ್ ಹಿಡಿದು ದೆವ್ವ ಆಡಿದ್ದೀರಲ್ವಾ? ಅದೇ ಬೆಳಕು. ದುರ್ಯೋಧನನಿಗೆ ಒಪ್ಪುತ್ತದೆ, ಕೃಷ್ಣನಿಗೆ ಒಪ್ಪುವುದಿಲ್ಲ. ಆದರೆ ಒಲೆ ಮುಂದೆ ಕೂತ ಅಮ್ಮನಿಗೂ ಬೆಳಕು ಕೆಳಗಿನಿಂದಲೇ ಬರುತ್ತದೆ, ಅಲ್ಲಿ ಯಾರಿಗೂ ಹೆದರಿಕೆ ಆಗುವುದಿಲ್ಲ. ಬೆಂಕಿ ಕಣ್ಣೆದುರಿಗೇ ಇರುತ್ತದೆ, ಬೆಳಕು ಎಲ್ಲಿಂದ ಬಂತು ಅಂತ ಗೊತ್ತಿರುತ್ತದೆ.

ನಿಜ ಹೇಳಬೇಕೆಂದರೆ ನಾನಾದರೆ ವೇದಿಕೆಯ ಮುಂದೆ ಕೂರುವುದೇ ಇಲ್ಲ. ಸಂಜೆ ಏಳು ಗಂಟೆಗೇ ಬಣ್ಣ ಹಚ್ಚುವ ಜಾಗಕ್ಕೆ ಹೋಗಿ. ಶಾಲೆಯ ಕೋಣೆ ಇರಬಹುದು, ಶಾಮಿಯಾನದ ಹಿಂದಿನ ಮೂಲೆ ಇರಬಹುದು. ಒಂದು ಕನ್ನಡಿ, ಒಂದೇ ಒಂದು ಬಲ್ಬು. ಅಪ್ಪ ಅರ್ಧ ಬಣ್ಣ ಹಚ್ಚಿಕೊಂಡು, ಮೀಸೆ ಅಂಟಿಸಲು ಗದ್ದ ಎತ್ತಿ ಕೂತಿರುತ್ತಾರೆ. ಬಲ್ಬಿನ ಕಡೆಯ ಕೆನ್ನೆ ದುರ್ಯೋಧನನದ್ದು, ನೆರಳಿನ ಕಡೆಯದ್ದು ಅಪ್ಪನದ್ದು. ಕನ್ನಡಿಯ ಪಕ್ಕ ನಿಂತು ತೆಗೆಯಿರಿ. ಬಲ್ಬಿಗೆ ಯಾರೂ ಕೆಂಪು ಜಿಲೆಟಿನ್ ಪೇಪರ್ ಸುತ್ತದಂತೆ ನೋಡಿಕೊಳ್ಳಿ.